ಕೆರೆ ಹಸಿರಾದ್ರೆ ಸುಣ್ಣ ಸುರಿಯುವ ಮೊದಲು ಅಡಿಯ ಹೂಳು ನೋಡಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮಾರ್ಚ್ ಕಳೆದದ್ದೇ ತೋಟದ ಕೆರೆ, ದೇವಸ್ಥಾನದ ಕೆರೆ ಎಲ್ಲ ಹಸಿರು ತಿರುಗ್ಲಿಕ್ಕೆ ಶುರು. ದನದ ಹಟ್ಟಿಯ ನೀರು ಬರುವ ಕಣಿ ಯಾವಾಗಲೋ ಮುಚ್ಚಿ ಆಗಿದೆ, ಸಾಬೂನು ಹಾಕಿ ಒಗೆಯುವುದೂ ನಿಂತಿದೆ, ಮತ್ತೆ ಯಾಕೆ ಪಾಚಿ ಅಂತ ಸುಮಾರು ಜನ ಕೇಳ್ತಾರೆ. ಉತ್ತರ ಅಡಿಯಲ್ಲಿ ಉಂಟು ಮಾರಾಯ್ರೆ. ಪಾಚಿಗೆ ಗೊಬ್ಬರ ಆಗುವುದು ಫಾಸ್ಫರಸ್ (ರಂಜಕ), ಇಷ್ಟು ವರ್ಷ ಹರಿದು ಬಂದದ್ದು ಹೂಳಲ್ಲಿ ಕೂತಿದೆ, ಹೊರಗಿಂದ ಬರುವುದು ನಿಂತ್ರೂ ಒಳಗಿಂದ ಬರುವುದು ನಿಲ್ಲುವುದಿಲ್ಲ.

ನಮ್ಮದು ಮುರಕಲ್ಲಿನ (ಲ್ಯಾಟರೈಟ್) ಮಣ್ಣು, ಕಬ್ಬಿಣ ಧಾರಾಳ. ಆ ಕಬ್ಬಿಣದ ತುಕ್ಕು ಫಾಸ್ಫರಸ್ಸನ್ನು ಗಟ್ಟಿ ಹಿಡ್ಕೊಳ್ತದೆ, ಆದ್ರೆ ಆಮ್ಲಜನಕ ಇದ್ರೆ ಮಾತ್ರ. ಬಿದ್ದ ಸೋಗೆ, ಸೊಪ್ಪು, ಸತ್ತ ಪಾಚಿ ಅಡಿಯಲ್ಲಿ ಕೊಳೆಯುವಾಗ ಆಮ್ಲಜನಕ ಮುಗಿದು ಕಬ್ಬಿಣ ಕರಗುವ ರೂಪಕ್ಕೆ ಬರ್ತದೆ, ಹಿಡಿದದ್ದನ್ನೆಲ್ಲ ಬಿಟ್ಟುಬಿಡ್ತದೆ. ಇಂಗ್ಲೆಂಡಿನ ಸರೋವರಗಳನ್ನು ನೋಡಿ ಮಾರ್ಟಿಮರ್ ಎಂಬ ವಿಜ್ಞಾನಿ 1941-42ರಲ್ಲೇ ಇದನ್ನು ಬರೆದಿದ್ದಾರೆ. ಆಳ ಇದ್ದಲ್ಲಿ ಬಿಟ್ಟದ್ದು ಬೇಸಗೆ ಇಡೀ ಅಡಿಯಲ್ಲೇ ಉಳಿದೀತು, ನಮ್ಮ ಆಳ ಇಲ್ಲದ ಕೆರೆಯಲ್ಲಿ ಒಂದು ಗಾಳಿ ಬೀಸಿದ್ರೆ ಸಾಕು, ಮೇಲೆ ಬಂತು.

ಇನ್ನು ಪಾಚಿ ಹೋಗ್ಲಿ ಅಂತ ಸುರಿಯುವ ಸುಣ್ಣ. ಪಾಚಿ ಜೋರಾದ ಕೆರೆಯಲ್ಲಿ ಮಧ್ಯಾಹ್ನಕ್ಕೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, 7ರ ಮೇಲೆ ಕ್ಷಾರ, ಕೆಳಗೆ ಹುಳಿ) ತಾನಾಗಿಯೇ 9 ದಾಟುವುದುಂಟು, ಆಗಲೂ ಕಬ್ಬಿಣದ ಹಿಡಿತ ಸಡಿಲ ಆಗ್ತದೆ, ಅದರ ಮೇಲೆ ಪಿಎಚ್ ಇನ್ನೂ ಏರಿಸುವ ಸುಣ್ಣ ಯಾಕೆ? ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕಿದ್ರೆ ಪಾಚಿ ಸಾಯ್ತದೆ ನಿಜ, ಸತ್ತದ್ದು ಅಡಿಗೆ ಹೋಗಿ ಕೊಳೆತು ಅದೇ ಫಾಸ್ಫರಸ್ ವಾಪಸ್, ತಾಮ್ರ ಮಾತ್ರ ಹೂಳಲ್ಲಿ ಶಾಶ್ವತ. ವಿದೇಶದಲ್ಲಿ ಆಲಂ, ಅಂದ್ರೆ ಫಾಸ್ಫರಸ್ ಹಿಡಿಯುವ ಅಲ್ಯುಮಿನಿಯಂ ಉಪ್ಪು ಹಾಕ್ತಾರೆ, ಒಳ್ಳೆ ಕೆಲಸ ಮಾಡ್ತದೆ, ಆದ್ರೆ ಪಾಚಿ ಜೋರಿಲ್ಲದಾಗ ಮುರಕಲ್ಲಿನ ನೀರು ಮೊದಲೇ ಸ್ವಲ್ಪ ಹುಳಿ, ಆಲಂ ಬಿದ್ರೆ ಪಿಎಚ್ ಇನ್ನೂ ಇಳಿದು ಅಲ್ಯುಮಿನಿಯಂ ಕರಗಿ ಮೀನಿಗೆ ವಿಷ. ಪರೀಕ್ಷೆ ಮಾಡಿಸದೆ ದಯವಿಟ್ಟು ಕೈ ಹಾಕ್ಬೇಡಿ.

ನನ್ನ ಪ್ರಕಾರ ನಮಗೆ ಸರಿಯಾದ್ದು ಹಿರಿಯರು ಮಾಡ್ತಿದ್ದ ಹೂಳೆತ್ತುವ ಕೆಲಸವೇ. ಸ್ವೀಡನ್ನಿನ ಟ್ರುಮ್ಮೆನ್ ಕೆರೆಗೆ ಕೊಳಚೆ ನೀರು ಬಿಡುವುದನ್ನು 1950ರ ದಶಕದ ಕೊನೆಗೆ ನಿಲ್ಲಿಸಿದ್ರು, ಹತ್ತು ವರ್ಷ ಕಳೆದ್ರೂ ಕೆರೆ ಸುಧಾರಿಸ್ಲಿಲ್ಲ, 1970 ಮತ್ತು 1971ರಲ್ಲಿ ಅರ್ಧರ್ಧ ಮೀಟರ್ ಹೂಳು ಹೀರಿ ತೆಗೆದ ಮೇಲೆಯೇ ನೀರು ತಿಳಿಯಾದದ್ದು. ಆ ಹೂಳನ್ನು ಗಿಡದ ಮಣ್ಣಾಗಿ ಮಾರಿದ್ರು ಕೂಡ.

ಏಪ್ರಿಲಲ್ಲಿ ನೀರು ಇಳಿದಾಗ ಒಂದು ಹಿಡಿ ಹೂಳು ತೆಗೆದು ನೋಡಿ. ಮೇಲಿನದ್ದು ಕಪ್ಪು, ನುಣುಪು, ಗಂಧಕದ ವಾಸನೆ. ಆ ಕಪ್ಪು ಅಂದ್ರೆ ಕಬ್ಬಿಣ ಗಂಧಕದ ಜೊತೆ ಸೇರಿದ್ದು, ಇನ್ನು ಅದು ಫಾಸ್ಫರಸ್ ಹಿಡಿಯುವುದಿಲ್ಲ. ಕೆಳಗೆ ಹಳದಿ-ಕೆಂಪು ಗಟ್ಟಿ ಮಣ್ಣು ಸಿಗ್ತದೆ, ಜೇಸಿಬಿಯವರಿಗೆ ಅಲ್ಲಿಗೆ ನಿಲ್ಲಿಸ್ಲಿಕ್ಕೆ ಹೇಳಿ, ಆ ಕೆಂಪೇ ಮುಂದೆ ನಮ್ಮ ಕೆಲಸಕ್ಕೆ ಬರುವುದು. ತೆಗೆದದ್ದನ್ನು ದಂಡೆಯಲ್ಲೇ ರಾಶಿ ಹಾಕಿ ಹೋಗುವವರ ಮೇಲೆ ನನಗೆ ತುಂಬ ಸಿಟ್ಟುಂಟು, ಜೂನಿನ ಮೊದಲ ಮಳೆಗೇ ಅದು ಪುನಃ ಕೆರೆಗೆ ಇಳೀತದೆ. ಅದೇ ದಿನ ಪಿಕಪ್ಪಲ್ಲಿ ತುಂಬಿಸಿ ಅಡಿಕೆ ಬುಡಕ್ಕೆ ಮುಟ್ಟಿಸ್ಬೇಕು, ಅದೂ ಕೆರೆಗೆ ನೀರು ಹರಿಯುವ ಬದಿಯ ತೋಟಕ್ಕಲ್ಲ, ಆಚೆ ಬದಿಯದ್ದಕ್ಕೆ.