ಅಕ್ಷರ ಉಳಿಸಿ, ಫ್ರೇಮ್ ಇಳಿಸಿ

ನಾನು ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವುದು ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಯಂತ್ರಗಳು. ಒಂದು ದಿನ ಗಣಿತದ ಮೇಡಂ ಬಂದು ಹೇಳಿದರು: "ಯೂಟ್ಯೂಬ್ ಪಾಠ ಹಾಕಿದರೆ ಮಾತು ಮುಂದೆ ಹೋಗುತ್ತೆ ಸರ್, ಬರೆಯೋ ಕೈ ಹಿಂದೆ ಉಳಿಯುತ್ತೆ. ಮಕ್ಕಳು ಯಾವುದನ್ನು ನಂಬಬೇಕು?"

ನೆಟ್ ಸ್ಲೋ ಇರಬೇಕು ಅಂದುಕೊಂಡೆ. ಎರಡು ವಾರ ಕೇಬಲ್, ರೌಟರ್ ಅಂತ ಓಡಾಡಿದೆ. ಅಷ್ಟು ದಿನ ಮಕ್ಕಳು 144ಪಿ ಎಂಬ ತೀರಾ ಮಸುಕಾದ ಗುಣಮಟ್ಟದಲ್ಲೇ ಪಾಠ ನೋಡಿದರು. ಅದರಲ್ಲಿ ವರ್ಗದ 2 ಯಾವುದು, ಘನದ 3 ಯಾವುದು ಗೊತ್ತಾಗುತ್ತಿರಲಿಲ್ಲ. ಆ ಎರಡು ವಾರ ಹಾಳಾದದ್ದಕ್ಕೆ ನನಗೆ ಈಗಲೂ ಬೇಜಾರಿದೆ.

ಕೊನೆಗೆ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ವಿಡಿಯೋದ ಒಳಲೆಕ್ಕ ತೋರಿಸುವ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದೆ. ಮುಂಚಿತವಾಗಿ ಬಂದ ವಿಡಿಯೋ ಕೂಡಿಡುವ ಬಫರ್ ತುಂಬಿತ್ತು. ಅಂದರೆ ನೆಟ್‌ನಲ್ಲಿ ತೊಂದರೆ ಇಲ್ಲ. ಆದರೆ ಡ್ರಾಪ್ಡ್ ಫ್ರೇಮ್‌ಗಳ (ತೋರಿಸಲಾಗದೆ ಬಿಟ್ಟುಹೋದ ಬಿಡಿ ಚಿತ್ರಗಳ) ಲೆಕ್ಕ ಕಣ್ಣೆದುರೇ ಏರುತ್ತಿತ್ತು. ರೆಸಲ್ಯೂಷನ್ ಪಕ್ಕದಲ್ಲಿ 60 ಅಂತ ಇತ್ತು, ಕೋಡೆಕ್ (ವಿಡಿಯೋ ಕುಗ್ಗಿಸಿಡುವ ವಿಧಾನ) ವಿಪಿ9. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದನ್ನೂ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಕುಗ್ಗಿಸಿದ ರೂಪದಿಂದ ಬಿಡಿಸಬೇಕು. ವಿಪಿ9 ಬಿಡಿಸುವ ಪೂರ್ತಿ ಏರ್ಪಾಡು ಇಂಟೆಲ್ ಚಿಪ್ಪಿನೊಳಗೇ ಬಂದದ್ದು ಏಳನೇ ತಲೆಮಾರಿನಲ್ಲಿ. ನಮ್ಮ ಯಂತ್ರದಲ್ಲಿ ಆ ಭಾರವೆಲ್ಲ ಸಿಪಿಯು ಮೇಲೆ ಬೀಳುತ್ತಿತ್ತು. ಫ್ಯಾನ್ ಸದ್ದು ಬಾಗಿಲವರೆಗೆ ಕೇಳಿಸುತ್ತಿತ್ತು.

ಹಾಗಾದರೆ ಫ್ರೇಮ್ ಇಳಿಸೋಣ ಅಂತ ಎಂಪಿವಿ ಪ್ಲೇಯರ್‌ನಲ್ಲಿ ವಿಡಿಯೋ ಹಾಕಿ, ಫಿಲ್ಟರ್ ಬಳಸಿ 30ಕ್ಕೆ ತಂದೆ. ಸಿಪಿಯು ಭಾರ ಹೆಚ್ಚೇನೂ ಇಳಿಯಲಿಲ್ಲ. ಯಾಕೆ ಅಂತ ಆಮೇಲೆ ತಿಳಿಯಿತು. ವಿಡಿಯೋದಲ್ಲಿ ಬಹುತೇಕ ಫ್ರೇಮ್‌ಗಳು ಅಕ್ಕಪಕ್ಕದ ಫ್ರೇಮ್‌ಗಿಂತ ಏನು ಬದಲಾಗಿದೆ ಎಂಬುದನ್ನಷ್ಟೇ ಇಟ್ಟುಕೊಂಡಿರುತ್ತವೆ. ಮನಸ್ಸಿಗೆ ಬಂದದ್ದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಫಿಲ್ಟರ್ ಬರುವುದು ಎಲ್ಲವನ್ನೂ ಬಿಡಿಸಿದ ಮೇಲೆ. ಅರವತ್ತು ಎಲೆಗೆ ಅಡುಗೆ ಮಾಡಿ ಮೂವತ್ತು ಎಲೆಗೆ ಬಡಿಸಿದ ಹಾಗೆ, ಸೌದೆ ಉಳಿಯುವುದಿಲ್ಲ ಅಲ್ವಾ? ಇಳಿಸುವುದಾದರೆ ಬೇಯಿಸುವ ಮೊದಲೇ ಇಳಿಸಬೇಕು. ಅಂದರೆ 30 ಫ್ರೇಮಿನ ಪ್ರತಿಯನ್ನೇ ತರಿಸಿಕೊಳ್ಳಬೇಕು.

ಯೂಟ್ಯೂಬ್‌ನಲ್ಲಿ 60 ಸಿಗುವುದು 720ಪಿಯಿಂದ ಮೇಲಕ್ಕೆ. 480ಪಿ ಆರಿಸಿದರೆ ತಾನಾಗಿ 30ಕ್ಕೆ ಬರುತ್ತದೆ. ತುರ್ತಿಗೆ ಇಷ್ಟು ಸಾಕು. ಆದರೆ ಪ್ರೊಜೆಕ್ಟರ್‌ನಲ್ಲಿ ಸಣ್ಣ ಅಕ್ಷರ ಮಸುಕಾಗುತ್ತಿತ್ತು. ಅದಕ್ಕೆ ಬ್ರೌಸರ್‌ಗೆ ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಹಾಕಿ, ಅದರಲ್ಲಿ 60 ಫ್ರೇಮ್ ತಡೆಯುವ ಆಯ್ಕೆಗೆ ಟಿಕ್ ಮಾಡಿದೆ. ಅದು ವಿಪಿ9 ಬದಲು ಎಚ್.264 ಎಂಬ ಇನ್ನೊಂದು ಕೋಡೆಕ್‌ನ ಪ್ರತಿ ತರಿಸುತ್ತದೆ. ಅದನ್ನು ನಮ್ಮ ಹಳೇ ಚಿಪ್ ತಾನೇ ಸಲೀಸಾಗಿ ಬಿಡಿಸುತ್ತದೆ. ಎಂಪಿವಿಯಲ್ಲೂ ವಿಡಿಯೋ ಆರಿಸುವಾಗಲೇ 30ಕ್ಕಿಂತ ಜಾಸ್ತಿ ಫ್ರೇಮಿನದ್ದು ಬೇಡ ಅಂತ ಬರೆದಿಟ್ಟೆ.

720ಪಿ, 30 ಫ್ರೇಮ್. ಮೇಡಂ ಎದುರೇ ಅದೇ ಪಾಠ ಹಾಕಿದೆ. ಡ್ರಾಪ್ಡ್ ಫ್ರೇಮ್ ಸೊನ್ನೆಯ ಹತ್ತಿರವೇ ನಿಂತಿತು. ಮಾತು, ಕೈ ಜೊತೆಜೊತೆಗೇ ಸಾಗಿದವು, ಹಿಂದಿನ ಬೆಂಚಿಗೂ ಘಾತಸಂಖ್ಯೆ ಕಂಡಿತು. ಹಲಗೆ ಮೇಲೆ ಬರೆಯುವ ಕೈಗೆ 60 ಫ್ರೇಮ್ ಬೇಕಾಗಿಲ್ಲ. ಮಕ್ಕಳಿಗೆ ಬೇಕಾದ್ದು ಓದಲು ಬರುವ ಅಕ್ಷರ.

ಕ್ರೀಡಾ ವಿಭಾಗದ ಹೊಸ ಕಂಪ್ಯೂಟರ್‌ನಲ್ಲಿ ಮಾತ್ರ 60 ಹಾಗೇ ಬಿಟ್ಟಿದ್ದೇನೆ. ಅಲ್ಲಿ ಅವರು ಬೌಲರ್ ಮಣಿಕಟ್ಟು ತಿರುಗುವುದನ್ನು ನೋಡಬೇಕು.