ಬಾಗಿಲಿಗೆ ಬೇವು ಸಿಕ್ಕಿಸಿದ ಮನೆಗಳು

ಹೋದ ವಾರ ಆಶಾ ಕಾರ್ಯಕರ್ತೆ ನಮ್ಮ ಓಣಿಗೆ ಬಂದಿದ್ದರು. "ಅಕ್ಕಾ, ಮನೇಲಿ ಮಕ್ಕಳಿಗೆ ಜ್ವರ ಬಂದು ಮೈಮೇಲೆ ಗುಳ್ಳೆ ಏನಾದ್ರೂ ಎದ್ದಿದ್ವಾ?" ಅಂತ ಕೇಳಿದರು. ಇಲ್ಲ ಅಂದೆ. ಅದನ್ನೂ ಬರೆದುಕೊಂಡು ಮುಂದಿನ ಮನೆಗೆ ಹೋದರು. ಆ "ಇಲ್ಲ"ವನ್ನೂ ಬರೆದುಕೊಂಡಿದ್ದು ನನಗೆ ತುಂಬಾ ಹಿಡಿಸಿತು, ಯಾಕೆಂದರೆ ನೂರು ವರ್ಷದ ಹಿಂದೆ ಲಂಡನ್ನಿನ ಬಡಾವಣೆಗಳಲ್ಲಿ ಮಕ್ಕಳ ಕಾಯಿಲೆಯ ಲೆಕ್ಕ ಹೇಗೆ ಇಡುತ್ತಿದ್ದರು ಅಂತ ಒಂದು ತಿಂಗಳಿಂದ ಓದುತ್ತಿದ್ದೇನೆ.

ಅಲ್ಲಿ 1889ರಲ್ಲೇ ಕಾನೂನು ಬಂತು. ಸಿಡುಬು, ಗಂಟಲುಮಾರಿ, ಸ್ಕಾರ್ಲೆಟ್ ಜ್ವರ (ಗಂಟಲು ನೋವಿನ ಜೊತೆ ಮೈ ಕೆಂಪಗಾಗುವ ಜ್ವರ), ಟೈಫಾಯಿಡ್ ಕಂಡರೆ ಡಾಕ್ಟರು ಆರೋಗ್ಯಾಧಿಕಾರಿಗೆ ಚೀಟಿ ಕಳಿಸಲೇಬೇಕು. ಖಾಸಗಿ ರೋಗಿಯಾದರೆ ಡಾಕ್ಟರಿಗೆ ಚೀಟಿಗೆ ಎರಡೂವರೆ ಶಿಲಿಂಗ್ ಸಿಗುತ್ತಿತ್ತು. ಇನ್‌ಸ್ಪೆಕ್ಟರ್ ಮನೆಗೆ ಬಂದು ಚರಂಡಿ ನೋಡುತ್ತಿದ್ದರು, ಮಗುವನ್ನು ಜ್ವರದ ಆಸ್ಪತ್ರೆಗೆ ಸಾಗಿಸುತ್ತಿದ್ದರು.

ಆದರೆ ಆ ಪಟ್ಟಿಯಲ್ಲಿ ದಡಾರ ಇರಲಿಲ್ಲ, ನಾಯಿಕೆಮ್ಮೂ ಇರಲಿಲ್ಲ. 1900ರ ಹೊತ್ತಿಗೆ ಸ್ಕಾರ್ಲೆಟ್ ಜ್ವರಕ್ಕಿಂತ ಜಾಸ್ತಿ ಮಕ್ಕಳನ್ನು ಕೊಲ್ಲುತ್ತಿದ್ದವು ಇವೇ! ಎಲ್ಲ ಮಕ್ಕಳಿಗೂ ಬರುತ್ತೆ, ಹೋಗುತ್ತೆ ಅನ್ನೋ ಭಾವನೆ ಒಂದು ಕಡೆ. ಇನ್ನೊಂದು ಕಡೆ, ದಡಾರ ಗುಳ್ಳೆ ಏಳುವ ನಾಲ್ಕು ದಿನ ಮುಂಚೆಯೇ ಅಂಟುತ್ತದೆ, ಆಗ ನೋಡಿದರೆ ಸುಮ್ನೆ ನೆಗಡಿ, ಚೀಟಿ ತಲುಪುವಷ್ಟರಲ್ಲಿ ಪಕ್ಕದ ಬೆಂಚಿನ ಮಗುವಿಗೂ ಹತ್ತಿರುತ್ತದೆ. ಬಡವರಂತೂ ಇದಕ್ಕೆ ಡಾಕ್ಟರ ಹತ್ತಿರ ಹೋಗುತ್ತಿದ್ದುದೇ ಕಡಿಮೆ. ಹಾಗಾಗಿ ಅಧಿಕಾರಿಗಳ ಕೈಗೆ ಸಿಗುತ್ತಿದ್ದದ್ದು ಸಾವಿನ ದಾಖಲೆ, ಮತ್ತೆ ಶಾಲೆಯ ಮೇಷ್ಟ್ರು ಕೊಡುತ್ತಿದ್ದ ಸುದ್ದಿ. ಒಂದೇ ತರಗತಿಯಲ್ಲಿ ನಾಲ್ಕೈದು ಮಕ್ಕಳು ಬರಲಿಲ್ಲ ಅಂದರೆ ಅಲ್ಲೇ ಗೊತ್ತಾಗುತ್ತಿತ್ತು. ಲಂಡನ್ನಿನಲ್ಲಿ ದಡಾರ ಸುಮಾರು ಎರಡು ವರ್ಷಕ್ಕೊಮ್ಮೆ ಜೋರಾಗುತ್ತಿತ್ತು, ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಬರೋ ಹಾಗೆ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವಲ್ಲ, ಹೊಸ ಮಕ್ಕಳು ಸಾಕಷ್ಟು ಸೇರೋವರೆಗೆ ತಣ್ಣಗಿರುತ್ತಿತ್ತು. 1916ರಲ್ಲಿ ದಡಾರವನ್ನೂ ಪಟ್ಟಿಗೆ ಸೇರಿಸಿದರು, 1919ರ ಕೊನೆಗೆ ಕೈಬಿಟ್ಟರು. ಓದಿ ಬೇಜಾರಾಯಿತು.

ನಮ್ಮಜ್ಜಿ ದಾವಣಗೆರೆ ಹಳೇಪೇಟೆಯವರು. ಏಳು ಹೆತ್ತರು, ನಾಲ್ಕು ಉಳಿದವು. ಮನೆಯಲ್ಲಿ ಅಮ್ಮ ಆಗಿದೆ ಅಂದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರು ಹೊಸ್ತಿಲು ದಾಟುತ್ತಿರಲಿಲ್ಲ. ಬೇವು ನೋಡಿದರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಇದೂ ಚೀಟಿಯೇ ಅಲ್ವಾ? ಆದರೆ ಅಂಥ ಬಾಗಿಲು ಆ ವರ್ಷ ಎಷ್ಟಿದ್ದವು ಅಂತ ಎಣಿಸಿ ಬರೆದಿಟ್ಟವರು ಇರಲಿಲ್ಲ. ಸೊಪ್ಪು ಒಣಗಿದ ಮೇಲೆ ಲೆಕ್ಕವೂ ಹೋಯಿತು.

ಆಶಾ ಬಂದು ಹೋದ ಸಂಜೆ ನಮ್ಮ ತಾಯಿಯನ್ನು ಕೇಳಿದೆ, ಆ ಮೂರು ಮಕ್ಕಳು ಯಾವುದರಲ್ಲಿ ಹೋದವು ಅಂತ. ಇಬ್ಬರಿಗೆ ಅಮ್ಮ ಆಗಿತ್ತು, ಇನ್ನೊಂದು ಹೆಸರಿಡೋ ಮುಂಚೆಯೇ ಹೋಯಿತು ಅಂದರು. ಅಮ್ಮ ಅಂದರೆ ಸಿಡುಬಾ, ದಡಾರಾ?

"ಅದನ್ನೆಲ್ಲ ಯಾರು ನೋಡಿದ್ರು? ಅಮ್ಮ ಅಂದ್ರೆ ಅಮ್ಮ."