ಆಸ್ಪತ್ರೆಯ ಥೆರಪಿ ತರಗತಿಯವರೆಗೂ ತಲುಪಬೇಕಾದರೆ

ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಬರದ ಸ್ಥಿತಿ) ಇರುವ ಮಗು ಥೆರಪಿ ಕೊಠಡಿಯಲ್ಲಿ ಮಣಿ ಪೋಣಿಸುತ್ತದೆ, ಗುಂಡಿ ಹಾಕಿಕೊಳ್ಳುತ್ತದೆ, ಎರಡು ಸಾಲು ನೆಟ್ಟಗೆ ಬರೆಯುತ್ತದೆ. ಅದೇ ಮಗು ಶಾಲೆಯಲ್ಲಿ ಅರ್ಧ ಸಾಲಿಗೇ ಪೆನ್ಸಿಲ್ ಕೆಳಗಿಡುತ್ತದೆ. ಮೇಷ್ಟ್ರಿಗೆ ಅದು ಸೋಮಾರಿತನದಂತೆ ಕಾಣುತ್ತದೆ, ತಾಯಿಗೆ ಹಟದಂತೆ. ಥೆರಪಿ ಕೊಠಡಿಯಲ್ಲಿ ಮಗುವಿನ ಅಳತೆಗೆ ತಕ್ಕ ಕುರ್ಚಿ, ಮೇಜು ಇದ್ದವು, ತರಗತಿಯಲ್ಲಿ ಇಲ್ಲ ಎಂಬುದನ್ನು ಯಾರೂ ನೋಡಿರುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಊಟ, ಉಡುಪು, ಬರವಣಿಗೆಯಂಥ ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಚಿಕಿತ್ಸಕರು, ಇರುವುದು ಅಪರೂಪ. ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ) ಕೇಂದ್ರದಲ್ಲೋ ಖಾಸಗಿ ಆಸ್ಪತ್ರೆಯಲ್ಲೋ ಇರುವವರು ಶಾಲೆಗೆ ಹೋಗಲಾಗದಿದ್ದರೆ, ಮಗು ಕೂರುವ ಜಾಗದ ಫೋಟೋವನ್ನಾದರೂ ತರಿಸಿಕೊಳ್ಳಬೇಕು. ಪಕ್ಕದಿಂದ ತೆಗೆದ ಒಂದೇ ಫೋಟೋ ಸಾಕು: ಬೆನ್ನು, ಮೊಣಕಾಲು, ಪಾದ, ಡೆಸ್ಕಿನ ಎತ್ತರ ನಾಲ್ಕೂ ಅದರಲ್ಲಿ ಕಾಣುತ್ತವೆ.

ಚಟುವಟಿಕೆಗಳ ಮೂಲಕ ಕಲಿಸುವ, 1ರಿಂದ 3ನೇ ತರಗತಿಯ ನಲಿ-ಕಲಿ ಕೊಠಡಿಯಲ್ಲಿ ಮಕ್ಕಳು ಹೆಚ್ಚಾಗಿ ನೆಲದ ಮೇಲೆ ಕೂರುತ್ತಾರೆ. ಎರಡೂ ಕಾಲು ಬಿಗಿಯಾಗಿರುವ ಮಗುವಿಗೆ ಇದು ಕಷ್ಟ. ತೊಡೆಯ ಹಿಂಭಾಗದ ಸ್ನಾಯುಗಳು ಸೊಂಟವನ್ನು ಹಿಂದಕ್ಕೆ ಎಳೆಯುತ್ತವೆ, ಬೆನ್ನು ಗೂನಾಗುತ್ತದೆ, ಬೀಳದಂತೆ ಮಗು ಒಂದು ಕೈಯನ್ನು ನೆಲಕ್ಕೆ ಊರುತ್ತದೆ. ಬರೆಯಬೇಕಾದ ಕೈ ಊರುಗೋಲಾಗಿಬಿಟ್ಟ ಮೇಲೆ ಬರವಣಿಗೆ ಎಲ್ಲಿಂದ ಬರಬೇಕು? 8ರಿಂದ 10 ಸೆಂ.ಮೀ. ಎತ್ತರದ ಮಣೆ ಕೊಡಿ, ಬೆನ್ನಿಗೆ ಗೋಡೆ ಸಿಗುವಂತೆ ಕೂರಿಸಿ. ಕೂರುವ ಜಾಗ ಅಷ್ಟು ಮೇಲೆದ್ದರೂ ಸೊಂಟ ಮುಂದಕ್ಕೆ ಬಂದು ಬೆನ್ನು ನೆಟ್ಟಗಾಗುತ್ತದೆ, ಎರಡೂ ಕೈ ಬಿಡುವಾಗುತ್ತವೆ. ಇಷ್ಟಾದರೂ ಕೂರಲು ಆಗದಿದ್ದರೆ ಗಿಡ್ಡ ಸ್ಟೂಲು, ಅದಕ್ಕೆ ತಕ್ಕ ಮೇಜು ಬೇಕು. ಕಾಲುಗಳನ್ನು ಎರಡೂ ಪಕ್ಕಕ್ಕೆ ಮಡಚಿ ನಡುವೆ ಕೂರುವ ಮಕ್ಕಳನ್ನು ದಯವಿಟ್ಟು ಗದರಬೇಡಿ. ಬೀಳದೆ ಕೂರಲು ಅವರಿಗೆ ಗೊತ್ತಿರುವ ದಾರಿ ಅದೊಂದೇ. ಬೇರೆ ಆಸರೆ ಕೊಟ್ಟ ಮೇಲೆ ಬದಲಿಸಲು ಹೇಳಿ.

ದೊಡ್ಡ ತರಗತಿಗಳ ಬೆಂಚಿನಲ್ಲಿ ತೊಂದರೆ ಬೇರೆ. ಪಾದ ಪೂರ್ತಿ ಊರಿರಬೇಕು, ಮೊಣಕಾಲಿನ ಹಿಂದೆ ಎರಡು ಬೆರಳು ಹಿಡಿಯುವಷ್ಟು ಜಾಗ ಇರಬೇಕು, ಡೆಸ್ಕು ಮಡಚಿದ ಮೊಣಕೈಯ ಮಟ್ಟಕ್ಕೆ ಅಥವಾ ಅದಕ್ಕಿಂತ 2-3 ಸೆಂ.ಮೀ. ಮೇಲಿರಬೇಕು. ಡೆಸ್ಕು ಎತ್ತರವಾದರೆ ಭುಜ ಕಿವಿಯತ್ತ ಏರುತ್ತದೆ, ಹತ್ತೇ ನಿಮಿಷದಲ್ಲಿ ಕೈ ಸೋಲುತ್ತದೆ. ಆಗ ಹಲವರು ಮಗುವಿನ ಕೆಳಗೆ ದಿಂಬು ಹಾಕುತ್ತಾರೆ. ಮಗು ಮೇಲೆ ಬಂತು, ಪಾದ ನೇತಾಡಿತು! ಮೆತ್ತನೆಯ ದಿಂಬಿನಲ್ಲಿ ಸೊಂಟವೂ ಒಂದು ಕಡೆಗೆ ವಾಲುತ್ತದೆ. ಗಟ್ಟಿ ಹಲಗೆ ಹಾಕಿ, ಕೂರುವ ಜಾಗ ಎಷ್ಟು ಏರಿತೋ ಪಾದದ ಕೆಳಗೂ ಅಷ್ಟೇ ಏರಿಸಿ. ಹಳೆಯ ಪತ್ರಿಕೆಗಳನ್ನು ಬಿಗಿಯಾಗಿ ತುಂಬಿ ಟೇಪ್ ಸುತ್ತಿದ ರಟ್ಟಿನ ಡಬ್ಬ ಇದಕ್ಕೆ ಸಾಕು.

ಬಲಭಾಗ ದುರ್ಬಲವಾಗಿ ಎಡಗೈಯಲ್ಲಿ ಬರೆಯುವ ಮಗುವನ್ನು ಬೆಂಚಿನ ಎಡತುದಿಗೆ ಕೂರಿಸಿ, ಪಕ್ಕದವರ ಮೊಣಕೈ ತಾಗುವುದಿಲ್ಲ. ಪುಸ್ತಕವನ್ನು ಬಲಕ್ಕೆ ತುಸು ತಿರುಗಿಸಿದರೆ, ಅಂದರೆ ಎಡಗಡೆಯ ಮೇಲ್ಮೂಲೆ ಮಗುವಿನಿಂದ ಹೆಚ್ಚು ದೂರ ಇರುವಂತೆ ಇಟ್ಟರೆ, ಬರೆದದ್ದು ಕಾಣುತ್ತದೆ, ಮಣಿಕಟ್ಟು ಕೊಕ್ಕೆಯಂತೆ ಬಾಗುವುದಿಲ್ಲ. ದುರ್ಬಲವಾದ ಕೈ ತೊಡೆಯ ಮೇಲೆ ಮಲಗಿರಬಾರದು, ಪುಸ್ತಕ ಒತ್ತಿ ಹಿಡಿಯುವ ಕೆಲಸ ಅದಕ್ಕಿರಲಿ. ಬೆರಳು ಬಿಚ್ಚದಿದ್ದರೆ ಮುಷ್ಟಿಯನ್ನೇ ಇಡಲಿ. ಪುಸ್ತಕ ಜಾರುತ್ತಿದ್ದರೆ ಅಡುಗೆಮನೆಯ ಡ್ರಾಯರಿಗೆ ಹಾಸುವ ರಬ್ಬರ್ ಜಾಲರಿಯ ತುಂಡೊಂದನ್ನು ಕೆಳಗೆ ಹಾಸಿ. ಬಿಸಿಯೂಟದ ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಕಿದರೂ ಇದೇ ಕೆಲಸ ಆಗುತ್ತದೆ.

ಇನ್ನು ಬರವಣಿಗೆ. ಬಾಕ್ಸ್ ಫೈಲಿನ ದಪ್ಪ ಬೆನ್ನು ಮಗುವಿನಿಂದ ಆಚೆಗಿರುವಂತೆ ಅಡ್ಡಲಾಗಿ ಮಲಗಿಸಿದರೆ ಸುಮಾರು 15 ಡಿಗ್ರಿಯ ಇಳಿಜಾರು ಹಲಗೆ ಸಿದ್ಧ. ಅದರ ಮೇಲೆ ಬರೆಯುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಎದ್ದಿರುತ್ತದೆ, ಬೆರಳುಗಳಿಗೆ ಹಿಡಿತ ಸಿಗುತ್ತದೆ. ಸ್ಲೇಟಿನಲ್ಲಿ ಬರೆಯುವ ಮಗುವಿಗೆ ಬಳಪವನ್ನು 2-3 ಸೆಂ.ಮೀ. ಉದ್ದಕ್ಕೆ ಮುರಿದು ಕೊಡಿ. ಅಷ್ಟು ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿಯೇ ಬೇಕು. ಆದರೆ ಏಳೆಂಟು ವರ್ಷ ದಾಟಿದ ಮಗು ವಿಚಿತ್ರವಾಗಿ ಪೆನ್ಸಿಲ್ ಹಿಡಿದರೂ ನೋವಿಲ್ಲದೆ, ಓದುವಂತೆ ಬರೆಯುತ್ತಿದ್ದರೆ ಆ ಹಿಡಿತವನ್ನು ಬಿಟ್ಟುಬಿಡಿ. ಅದನ್ನು ತಿದ್ದುವ ಹೊತ್ತನ್ನು ಅಕ್ಷರಕ್ಕೆ ಕೊಡುವುದೇ ಮೇಲು.

ಕನ್ನಡದ ಅಕ್ಷರ ಕಲಿಸುವಾಗ ನಲಿ-ಕಲಿಯ ರ, ಗ, ಸ, ದ, ಅ ಕ್ರಮವನ್ನೇ ಥೆರಪಿಯಲ್ಲೂ ಹಿಡಿಯಿರಿ. ಆಸ್ಪತ್ರೆಯಲ್ಲಿ ಅ, ಆ, ಇ, ಶಾಲೆಯಲ್ಲಿ ರ, ಗ, ಸ ಎಂದಾದರೆ ಕಷ್ಟಪಟ್ಟು ಬರೆಯುವ ಮಗುವಿಗೆ ದುಪ್ಪಟ್ಟು ಹೊರೆ. ನಮ್ಮ ಲಿಪಿಯಲ್ಲಿ ಕೈ ಸೋಲುವುದು ಒತ್ತಕ್ಷರದಲ್ಲಿ. ಗೆರೆಯ ಕೆಳಗೆ ಇಳಿದು, ಚಿಕ್ಕದಾಗಿ ಬರೆದು, ಮತ್ತೆ ಮೇಲೆ ಬರಬೇಕು. ಒಂದು ಸಾಲು ಬಿಟ್ಟು ಬರೆಯಲು ಹೇಳಿ, ಬಿಟ್ಟ ಸಾಲಿಗೆ ತೆಳುವಾಗಿ ಹಳದಿ ಬಣ್ಣ ಬಳಿದಿಡಿ. ಒತ್ತು ಎಲ್ಲಿ ಕೂರಬೇಕೆಂದು ಕಣ್ಣಿಗೆ ಕಾಣುತ್ತದೆ.

ಮಣಿಕಟ್ಟು, ಬೆರಳುಗಳನ್ನೆಲ್ಲ ಚಾಚಿ ಹಿಡಿಯುವ ಸ್ಪ್ಲಿಂಟ್ ಸಾಮಾನ್ಯವಾಗಿ ರಾತ್ರಿಗೆ. ತರಗತಿಯಲ್ಲಿ ಅದನ್ನು ಹಾಕಿದರೆ ಅಂಗೈ ಮುಚ್ಚಿ, ಆ ಕೈಗೆ ಸ್ಪರ್ಶವೂ ಇಲ್ಲ, ಕೆಲಸವೂ ಇಲ್ಲ. ಬಿಚ್ಚಿದ 20 ನಿಮಿಷದ ಮೇಲೂ ಚರ್ಮ ಕೆಂಪಗಿದ್ದರೆ ಮತ್ತೆ ಹಾಕದೆ ತಿದ್ದಿಸಿ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ಕಿನಿಂದ ಮಾಡಿದ್ದು, ಹಾಗಾಗಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಆಕಾರ ಕೆಡುತ್ತದೆ. ಬಿಗಿಯಾದ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಆದರೆ ಶಾಲೆಗೂ ತಿಳಿಸಿ. ಸ್ನಾಯು ಸಡಿಲವಾಗಿರುವುದು ಸುಮಾರು ಮೂರು ತಿಂಗಳು, ಹೊಸ ಕೆಲಸ ಕಲಿಸಲು ಅದೇ ಸುಸಮಯ. ಸೆರೆಬ್ರಲ್ ಪಾಲ್ಸಿ ಚಿಕಿತ್ಸೆಗಳ ಪುರಾವೆಯನ್ನೆಲ್ಲ ಒಟ್ಟುಮಾಡಿ 2020ರಲ್ಲಿ ಸಂಶೋಧಕಿ ಅಯೋನಾ ನೊವಾಕ್ ಮತ್ತು ಸಂಗಡಿಗರು ತೋರಿಸಿದ್ದೂ ಇದನ್ನೇ: ಯಾರೋ ಕೈಕಾಲು ಎಳೆದು ಬಿಡುವುದಕ್ಕಿಂತ, ತನಗೆ ಬೇಕಾದ ಕೆಲಸವನ್ನು ಮಗು ತಾನೇ ಮತ್ತೆ ಮತ್ತೆ ಮಾಡಿದಾಗ ಫಲ ಹೆಚ್ಚು.

ಆಸ್ಪತ್ರೆಯ ವರದಿಯಲ್ಲಿ "ಫೈನ್ ಮೋಟಾರ್ ಡಿಲೇ" (ಬೆರಳುಗಳ ಸೂಕ್ಷ್ಮ ಕೆಲಸದಲ್ಲಿ ಹಿಂದೆ) ಎಂದು ಬರೆದರೆ ಮೇಷ್ಟ್ರು ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಅವರಿಗೊಂದು ಬೇರೆ ಹಾಳೆ, ಕನ್ನಡದಲ್ಲಿ, ಒಂದೇ ಪುಟ ಬರೆದುಕೊಡಿ. ಎಲ್ಲಿ, ಹೇಗೆ ಕೂರಿಸಬೇಕು. ಒಮ್ಮೆಗೆ ಎಷ್ಟು ಸಾಲು ಬರೆಸಬಹುದು. ಶೌಚಕ್ಕೆ ಎಷ್ಟು ಹೊತ್ತು ಮೊದಲೇ ಕಳಿಸಬೇಕು, ಚಡ್ಡಿಗೆ ಗುಂಡಿಯ ಬದಲು ಎಲಾಸ್ಟಿಕ್ ಇದೆಯೇ. ಮುಂದೆ ಯಾವಾಗ ನೋಡುತ್ತೇವೆ. ಅದರ ಒಂದು ಪ್ರತಿ, ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಾದ ತಾಲ್ಲೂಕಿನ ಬಿಐಇಆರ್‌ಟಿಗೂ ಹೋಗಲಿ. ಹತ್ತಾರು ಶಾಲೆ ಸುತ್ತುವ ಅವರಿಗೆ ಹೀಗೆ ಬರೆದಿಟ್ಟದ್ದು ದೊಡ್ಡ ಸಹಾಯ.

ಪರೀಕ್ಷೆಯ ವಿಷಯವನ್ನು ಹತ್ತನೇ ತರಗತಿಯವರೆಗೆ ಮುಂದೂಡಬೇಡಿ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ, ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇದ್ದು ಬರೆಯಲು ತೊಂದರೆ ಇರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದಿತ್ತು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಬರಹಗಾರರನ್ನೂ ಪಡೆಯಬಹುದು. ಆದರೆ ಉತ್ತರ ಹೇಳಿ ಬರೆಸುವುದು ಪ್ರತ್ಯೇಕ ವಿದ್ಯೆ. ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಬೇಕು, ಎಲ್ಲಿ ನಿಲ್ಲಿಸಬೇಕೆಂದು ಹೇಳಬೇಕು, ಗಣಿತದ ಹಂತಗಳನ್ನು ಬಾಯಲ್ಲೇ ಬಿಡಿಸಬೇಕು. ಎಂಟನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಅದನ್ನು ರೂಢಿ ಮಾಡಿಸಿ.